ಒಂದು ಸಾಲೂ ಬಿಡೋದಿಲ್ಲ

ವಸೆಮಾದಾ ಕೈ ತೊಳೆದು ಬರುವಷ್ಟರಲ್ಲಿ ಅವಳ ಕುರ್ಚಿಯಲ್ಲಿ ಯಾರೋ ಕೂತಿದ್ದ. ಊಟದ ಡಬ್ಬಿಯ ಮುಚ್ಚಳ ತೆರೆದಿತ್ತು. ಬೆಳಗ್ಗೆ ಅವಳು ಬೇಯಿಸಿ ತಂದ ಮರಗೆಣಸನ್ನು ಅವಳದೇ ತೆಂಗಿನಹಾಲಿನ ಮೀನುಸಾರಿನಲ್ಲಿ ಅದ್ದಿ, ಸ್ವಂತ ಮನೆಯ ಜಗಲಿಯಲ್ಲಿ ಕೂತವನ ಹಾಗೆ ನಿಧಾನವಾಗಿ ತಿನ್ನುತ್ತಿದ್ದ.

"ಯಾರು ನೀವು?"

"ಬಾಗಿಲ ಹತ್ತಿರ ಕೂತಿರೋ ಹುಡುಗಿ ಹೇಳಿದಳು, ನೀನು ನಾದಕೌನವಳು ಅಂತ," ಎಂದ ಅವನು ತಲೆ ಎತ್ತದೆ. "ನಾನು ದೆಲೈವಿಯವನು."

ಅಷ್ಟು ಸಾಕಾಯಿತು. ನಾದಕೌ ಕಡಲಂಚಿನ ಊರು, ದೆಲೈವಿ ಒಳನಾಡಿನ ಬೆಟ್ಟದ ಊರು. ಎರಡಕ್ಕೂ ಮೂಲದಲ್ಲಿ ಒಂದೇ ದೈವವಂತೆ. ಹಾಗಾಗಿ ಅಲ್ಲಿಯವರು ಇಲ್ಲಿಯವರಿಗೆ ತೌವು, ಚೇಷ್ಟೆಯ ನೆಂಟರು. ತೌವುಗಳು ಎದುರಾದರೆ ಒಬ್ಬರನ್ನೊಬ್ಬರು ಬೈಯಬೇಕು, ಹಂಗಿಸಬೇಕು, ಕೇಳದೆ ತಟ್ಟೆಗೆ ಕೈ ಹಾಕಬೇಕು. ಕೋಪ ಮಾಡಿಕೊಂಡವರು ಸೋತ ಹಾಗೆ.

"ಸಾರಿಗೆ ಉಪ್ಪು ಕಡಿಮೆ," ಎಂದ ಅವನು. "ಕಾಲ ಕೆಳಗೇ ಕಡಲು ಇಟ್ಕೊಂಡು ಉಪ್ಪಿಗೆ ಬರಗಾಲ ನಿಮಗೆ."

"ಟಿನ್ ಮೀನಿನಲ್ಲೇ ಸಮುದ್ರ ನೋಡಿದ ಬೆಟ್ಟದವರು ಸಾರಿನ ರುಚಿ ಹೇಳೋದು ನೋಡು. ಏಳು ಮೊದಲು, ಕುರ್ಚಿಗೆ ಕೆಸರಾಗುತ್ತೆ."

ಅವನು ಎದ್ದ. ಎದ್ದಾಗ ಅವಳಿಗಿಂತ ಒಂದು ಗೇಣು ಎತ್ತರ. ತುಟಿಯ ಅಂಚಿನಲ್ಲಿ ಸಾರು ಅಂಟಿತ್ತು. ವಸೆ ಅದನ್ನು ನೋಡಿದಳು. ತಾನು ನೋಡಿದ್ದು ಅವನಿಗೆ ಗೊತ್ತಾಯಿತೆಂದು ಅನ್ನಿಸಿ, ಕಿಟಕಿಯಾಚೆ ರಾಜಧಾನಿ ಸುವಾದ ಬಂದರಿನ ಕಂಟೇನರ್‌ಗಳನ್ನು ನೋಡತೊಡಗಿದಳು.

"ಊಟ ಕದಿಯೋಕೆ ಸಂಬಳ ಕೊಡ್ತಾರಾ ನಿಂಗೆ? ಯಾವ ಕಚೇರಿ?"

"ಹೊಸ ಸರ್ವರ್ ಕೊಟ್ಟಿರೋ ಕಂಪನಿ. ಕಿತಿಯೋನೆ ನನ್ನ ಹೆಸರು. ನಿಮ್ಮ ಡೇಟಾ ಒಳಗೆ ಹೋಗ್ತಿಲ್ಲವಂತಲ್ಲ, ಅದನ್ನ ಸರಿ ಮಾಡೋಕೆ ಕಳಿಸಿದ್ದಾರೆ."

ವಸೆಯ ಮುಖದ ನಗು ಅಲ್ಲಿಗೆ ನಿಂತಿತು.

ಆ ಡೇಟಾ ಅವಳ ಕೈಯಲ್ಲೇ ಬೆಳೆದದ್ದು. ಕರಾವಳಿಯ ಊರೂರಿನವರು ಕಡಲಿಂದ ಏನು ತಂದರು, ಎಷ್ಟು ತಂದರು, ಯಾವ ಹವಳದ ದಿಬ್ಬದಿಂದ ತಂದರು ಎಂಬುದೆಲ್ಲ ಕಡಲ ದಾಖಲೆ ಕಚೇರಿಯ ಮೂಲೆಯ ಹಳೆಯ ಯಂತ್ರದಲ್ಲಿತ್ತು. ಈಗ ಅದು ಹೊಸ ಸರ್ವರ್‌ಗೆ, ಅಂದರೆ ದೇಶದ ರಿಜಿಸ್ಟರ್‌ಗೆ, ಹೋಗಬೇಕು. ನಾದಕೌನ ಹವಳದ ದಿಬ್ಬದ ಸುತ್ತ ಮರಳು ತೋಡಲು ಒಂದು ಕಂಪನಿ ಅರ್ಜಿ ಹಾಕಿತ್ತು. ಬರುವ ಸೋಮವಾರ ಅದರ ವಿಚಾರಣೆ. ಅಷ್ಟರೊಳಗೆ ರಿಜಿಸ್ಟರ್‌ನಲ್ಲಿ ಇರುವುದಷ್ಟೇ ಲೆಕ್ಕಕ್ಕೆ, ಇಲ್ಲದ್ದು ಇಲ್ಲ.

ಡೇಟಾ ಒಳಗೆ ತುಂಬಲು ವಸೆ ಇಂಪೋರ್ಟ್ ಹಚ್ಚಿದಾಗಲೆಲ್ಲ ಅದು ಅರ್ಧದಾರಿಗೇ ಸಾಯುತ್ತಿತ್ತು.

"ಹೇಗೆ ಸರಿ ಮಾಡ್ಬೇಕು ಅಂತ ಹೇಳಿ ಕಳಿಸಿದ್ದಾರೆ?" ಎಂದು ಕೇಳಿದಳು.

ಕಿತಿಯೋನೆ ಡಬ್ಬಿಯ ಮುಚ್ಚಳ ಹಾಕಿದ. "ಬ್ರಿಸ್ಬೇನ್‌ನಲ್ಲಿರೋ ನಮ್ಮ ಬಾಸ್ ಡ್ಯಾರೆನ್ ಪ್ರಕಾರ ಡೇಟಾನೇ ಕೊಳೆ. 'ದಿಬ್ಬ' ಅನ್ನೋ ಟೇಬಲ್ ತೆಗೆದು ಹಾಕಿದ್ರೆ ಉಳಿದದ್ದು ಸಲೀಸಾಗಿ ಹೋಗುತ್ತಂತೆ."

'ದಿಬ್ಬ' ಹೆಂಗಸರ ಟೇಬಲ್, ಅವರು ತಂದದ್ದರ ಪಟ್ಟಿ. ಗಂಡಸರು ದೋಣಿಯಲ್ಲಿ ತಂದದ್ದಕ್ಕೆ ಬೇರೆಯದಿತ್ತು, ಪುಟ್ಟದು. ನೀರಿಳಿದಾಗ ಮೊಣಕಾಲುದ್ದ ನೀರಲ್ಲಿ ನಡೆದು ಹೆಂಗಸರು ಆಯ್ದು ತಂದ ಆಕ್ಟೋಪಸ್, ಚಿಪ್ಪುಮೀನು, ಕಡಲದ್ರಾಕ್ಷಿಯೆಂಬ ಪಾಚಿ, ಇವೆಲ್ಲ ದಿಬ್ಬದಲ್ಲಿದ್ದವು. ಅಳತೆಹಲಗೆಯ ಮೇಲಿಟ್ಟು ತೆಗೆದ ಫೋಟೊ ಸಮೇತ. ವಸೆಯ ಸೋದರತ್ತೆ ತೊರಿಕಾ ಊರಿನ ಹೆಂಗಸರಿಗೆಲ್ಲ ಫೋಟೊ ತೆಗೆಯುವುದನ್ನು ರೂಢಿ ಮಾಡಿಸಿದ್ದಳು. ನೋಡಿ ನೋಡಿ ಅಕ್ಕಪಕ್ಕದ ಊರುಗಳೂ ಹಿಡಿದುಕೊಂಡಿದ್ದವು.

"ಒಂದು ಸಾಲೂ ಬಿಡೋದಿಲ್ಲ," ಎಂದಳು ವಸೆ.

ಅವನು ನಗಲು ಹೊರಟವನು ಅವಳ ಕಣ್ಣು ನೋಡಿ ಡಬ್ಬಿಯನ್ನು ಅವಳತ್ತ ಸರಿಸಿದ.

"ನಿಮ್ಮ ಡ್ಯಾರೆನ್‌ಗೆ ಹೇಳು. ಕೊಳೆ ಯಾವ ಸಾಲಲ್ಲಿದೆ ಅಂತ ತೋರಿಸಿದ್ರೆ ನಾನೇ ತೊಳೆದು ಕೊಡ್ತೀನಿ. ತೋರಿಸೋಕಾಗ್ದಿದ್ರೆ ಬಾಯಿ ಮುಚ್ಚಿಕೊಂಡು ಒಳಗೆ ತಗೋಬೇಕು."

"ತೌವು," ಎಂದ ಅವನು, ಅವಳ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆಯುತ್ತ, "ನಿಮ್ಮೂರಲ್ಲಿ ಎಲ್ಲ ಹೆಂಗಸರೂ ಹೀಗೇನಾ, ಇಲ್ಲ ನಿನ್ನೊಬ್ಬಳನ್ನ ಬಿಸಿಲಲ್ಲಿ ಜಾಸ್ತಿ ಒಣಗಿಸಿದ್ರಾ?"

ಆ ಮಧ್ಯಾಹ್ನವೇ ಹುಡುಕಲು ಕೂತರು.

ಇಂಪೋರ್ಟ್ ಹಚ್ಚಿದರೆ ಸ್ವಲ್ಪ ಹೊತ್ತು ಸರಾಗ ಓಡಿ, ಆಮೇಲೆ ಪರದೆಯ ಮೇಲೆ ಒಂದು ಸಂದೇಶ ಮೂಡುತ್ತಿತ್ತು: ಸರ್ವರ್ ಬಿಟ್ಟುಹೋಗಿದೆ.

"ನೋಡು, ಹೇಳದೆ ಕೇಳದೆ ಬಿಟ್ಟುಹೋಗೋದು. ಪಕ್ಕಾ ಬೆಟ್ಟದವರ ಬುದ್ಧಿ," ಎಂದಳು ವಸೆ.

"ನಿಮ್ಮ ಮೀನಿನ ವಾಸನೆಗೆ ಇರಬೇಕು. ಯಂತ್ರಕ್ಕೂ ಮೂಗಿರುತ್ತೆ."

ಪ್ರತಿ ಸಲವೂ ಅದು ಒಂದೇ ಸಾಲಿನಲ್ಲಿ ನಿಲ್ಲುತ್ತಿತ್ತು. ಅದೇ ಡ್ಯಾರೆನ್‌ಗೆ ಆಧಾರ: ಆ ಸಾಲು ಕೊಳೆತದ್ದು, ಅದರ ನಂತರದವೂ ಹಾಗೇ ಇರಬೇಕು. ವಸೆ ಹಳೆಯ ಯಂತ್ರದಲ್ಲಿ ಆ ಸಾಲನ್ನು ತೆರೆದಳು. ತೊರಿಕತ್ತೆ ಹಿಡಿದ ಆಕ್ಟೋಪಸ್. ಹಲಗೆಯ ಮೇಲೆ ಎಂಟು ಕಾಲೂ ಚಾಚಿ ಮಲಗಿತ್ತು. ಫೋಟೊ ಎಷ್ಟು ಸ್ಪಷ್ಟವಿತ್ತೆಂದರೆ ಅಂಚಿನಲ್ಲಿ ಅತ್ತೆಯ ಹೆಬ್ಬೆರಳ ಉಗುರಿನ ಕೆಳಗಿನ ಮರಳು ಕೂಡ ಕಾಣುತ್ತಿತ್ತು.

"ಇದರಲ್ಲಿ ಕೊಳೆ ಎಲ್ಲಿದೆ, ತೋರಿಸು."

ಅವನು ಮುಂದೆ ಬಾಗಿದ. ಅವನ ತೋಳು ಅವಳ ತೋಳಿಗೆ ತಾಗಿತು. ಇಬ್ಬರೂ ಸರಿಯಲಿಲ್ಲ.

"ಕೊಳೆ ಇಲ್ಲ," ಎಂದ ಕೊನೆಗೆ. "ಇದೊಂದೇ ಸಾಲನ್ನ ಬೇರೆ ಮಾಡಿ ಕಳಿಸಿ ನೋಡೋಣ."

ಕಳಿಸಿದರು. ಹಳೆಯ ಯಂತ್ರದ ಇನ್ನೊಂದು ಮೂಲೆಗೆ ತಕರಾರಿಲ್ಲದೆ ಹೋಯಿತು. ಹೊಸ ಸರ್ವರ್ ಮಾತ್ರ ಬಾಗಿಲಲ್ಲೇ ತಳ್ಳಿತು. ಕಿತಿಯೋನೆ ಸರ್ವರ್‌ನ ಕಟ್ಟಳೆಗಳನ್ನು ಒಂದೊಂದಾಗಿ ತೆಗೆದು ನೋಡಿದ. ಒಂದು ಸಲಕ್ಕೆ ಇಂತಿಷ್ಟೇ ಗಾತ್ರದ ಗಂಟು ಒಳಗೆ ಬಿಡಬೇಕೆಂದು ಮಿತಿ ಇಟ್ಟಿದ್ದರು, ತೀರಾ ಚಿಕ್ಕದು. ಅತ್ತೆಯ ಆಕ್ಟೋಪಸ್ ಅದಕ್ಕಿಂತ ದಪ್ಪ.

"ನಿಮ್ಮತ್ತೆ ಚಿಕ್ಕ ಆಕ್ಟೋಪಸ್ ಹಿಡೀಬೇಕಿತ್ತು."

"ನೀವು ದೊಡ್ಡ ಬಾಗಿಲು ಇಡಬೇಕಿತ್ತು."

ಅವನು ಮಿತಿಯನ್ನು ಹಿಗ್ಗಿಸಿದ. ಆಕ್ಟೋಪಸ್ ಒಳಗೆ ಹೋಯಿತು, ಅದರ ಹಿಂದಿನ ಚಿಪ್ಪುಮೀನುಗಳೂ ಹೋದವು. ವಸೆ ಮೇಜಿನ ಮೇಲೆ ಅಂಗೈ ಬಡಿದು ನಕ್ಕಳು. ಅವಳು ನಗುವುದನ್ನು ಕಿತಿಯೋನೆ ಪರದೆಯ ಪ್ರತಿಬಿಂಬದಲ್ಲಿ ನೋಡುತ್ತಿದ್ದ. ಪ್ರತಿಬಿಂಬದಲ್ಲೇ ಅವಳ ಕಣ್ಣು ಅವನನ್ನು ಹಿಡಿಯಿತು.

"ಏನು ನೋಡ್ತೀಯ?"

"ಹಲ್ಲು ಎಷ್ಟಿವೆ ಅಂತ ಎಣಿಸ್ತಿದ್ದೆ. ಕುದುರೆ ಕೊಳ್ಳೋವಾಗ ನಮ್ಮ ಕಡೆ ಹಾಗೇ ಮಾಡ್ತೀವಿ."

ಆ ವಾರ ಅವನು ದಿನವೂ ಬಂದ. ಬುಧವಾರ ಕೆಳಗಿನ ಅಂಗಡಿಯಿಂದ ರೋಟಿ ಪಾರ್ಸಲ್ ತಂದ, ಅವಳಿಗೂ ಒಂದು. "ಕದ್ದ ಊಟದ ಬಡ್ಡಿ" ಎಂದ. ಅವಳು ಬಿಚ್ಚಿ ನೋಡಿ ಆಲೂಗಡ್ಡೆ ಜಾಸ್ತಿ, ಮಾಂಸ ಕಡಿಮೆ ಎಂದು ಬೈದು, ಪೂರ್ತಿ ತಿಂದಳು. ಬೈಗುಳ ದಿನದಿಂದ ದಿನಕ್ಕೆ ರುಚಿಯಾಗುತ್ತ ಹೋಯಿತು. ಬಾಗಿಲ ಬಳಿಯ ಹುಡುಗಿ ಒಮ್ಮೆ ತಡೆಯಲಾರದೆ ಕೇಳಿದಳು, "ನೀವಿಬ್ಬರೂ ನಿಜವಾಗ್ಲೂ ಜಗಳ ಆಡ್ತಿದೀರಾ, ಇಲ್ಲ ಬೇರೆ ಏನಾದ್ರೂನಾ?"

ವಸೆಗೂ ಅದು ಗೊತ್ತಿರಲಿಲ್ಲ. ತೌವುಗಳ ಪಾಡೇ ಅದು. ಏನು ಬೇಕಾದರೂ ಹೇಳಬಹುದು. ಹೇಳಿದ್ದನ್ನು ಯಾರೂ ನಂಬಬೇಕಿಲ್ಲ.

ಬಾಗಿಲು ಹಿಗ್ಗಿದ ಮೇಲೆ ಇಂಪೋರ್ಟ್ ಬಹುದೂರ ಹೋಯಿತು, ಆದರೆ ದಡ ಮುಟ್ಟಲಿಲ್ಲ. ಗುರುವಾರ ಅದು ಒಂದು ಮಾತೂ ಹೇಳದೆ ಸತ್ತಿತು. ಕಿತಿಯೋನೆ ಸರ್ವರ್‌ನ ಹೊಟ್ಟೆಯೊಳಗೆ ನೋಡಿದ. ಮೆಮೊರಿ ತುಂಬಿಹೋಗಿ, ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ಡೇಟಾಬೇಸನ್ನೇ ಕೊಂದಿತ್ತು.

"ಬಾಡಿಗೆಗೆ ತಗೊಂಡಿರೋದೇ ಅತಿ ಚಿಕ್ಕ ಯಂತ್ರ," ಎಂದ. ಈ ಸಲ ಧ್ವನಿಯಲ್ಲಿ ತಮಾಷೆ ಇರಲಿಲ್ಲ. "ನಿಮ್ಮ ಕೆಲಸಕ್ಕೆ ಇದು ಸಾಲದು ಅಂತ ಮೊದಲೇ ಗೊತ್ತಿರಬೇಕಿತ್ತು ನಮ್ಮವರಿಗೆ. ಡ್ಯಾರೆನ್‌ನ ಕೇಳ್ತೀನಿ, ಒಂದು ವಾರದ ಮಟ್ಟಿಗೆ ದೊಡ್ಡದು ಕೊಡಿ ಅಂತ."

ಕೇಳಲು ಹೊರಗೆ ಹೋದ. ಹೊತ್ತಾಯಿತು. ಅಷ್ಟರಲ್ಲಿ ವಸೆಯನ್ನು ವಿಭಾಗದ ಮುಖ್ಯಸ್ಥೆ ಮಿಸೆಸ್ ಗೌಂಡರ್ ಒಳಗೆ ಕರೆದರು. ಮಾತು ಕಡಿಮೆಯ ಹೆಂಗಸು, ಕನ್ನಡಕದ ಮೇಲಿಂದ ನೋಡುವವರು.

"ಇದು ಕಂಪನಿಯಿಂದ ಬಂದ ವರದಿ, ಓದು."

ದಾಖಲೆಗಳು ದೋಷಪೂರಿತ, ಅದಕ್ಕೇ ಇಂಪೋರ್ಟ್ ವಿಫಲ. 'ದಿಬ್ಬ' ಟೇಬಲ್ ಕೈಬಿಡಲು ಶಿಫಾರಸು. ಸ್ಥಳಕ್ಕೆ ಹೋಗಿ ಪರೀಕ್ಷಿಸಿದವರು: ಕಿತಿಯೋನೆ.

ಅವಳು ಎರಡು ಸಲ ಓದಿದಳು. ಕಿವಿ ಬಿಸಿಯಾಯಿತು. ಅವನು ತಿಂದ ಮರಗೆಣಸು, ತಂದ ರೋಟಿ, ತೋಳಿಗೆ ತಾಗಿದ ತೋಳು, ಎಲ್ಲ ಒಂದೇ ಸಲ ನೆನಪಾಯಿತು.

ಕಿತಿಯೋನೆ ಹಿಂದಿರುಗಿದಾಗ ಅವಳು ಅವನ ಕುರ್ಚಿಯನ್ನು ಮೇಜಿನ ಆಚೆಬದಿಗೆ ಹಾಕಿದ್ದಳು.

"ತೌವು, ಆ ಡ್ಯಾರೆನ್..."

"ನೀವು ಅಲ್ಲಿ ಕೂತ್ಕೊಳ್ಳಿ," ಎಂದಳು ವಸೆ.

ಅವನು ನಿಂತಲ್ಲೇ ನಿಂತ. ಇಷ್ಟು ದಿನ ಅವಳು ಅವನನ್ನು ಕೆಸರಗಾಲು, ಟಿನ್ ಮೀನು, ಬೆಟ್ಟದ ಹೆಗ್ಗಣ ಎಂದೆಲ್ಲ ಕರೆದಿದ್ದಳು. ಯಾವುದೂ ನಾಟಿರಲಿಲ್ಲ. 'ನೀವು' ನಾಟಿತು.

"ಏನಾಯ್ತು?"

"ನಿಮ್ಮ ವರದಿ ಬಂದಿದೆ. ಚೆನ್ನಾಗಿ ಬರೆದಿದ್ದೀರಿ. ನಾಳೆ ಮೀಟಿಂಗ್ ಇದೆ, ಅಲ್ಲೇ ಮಾತಾಡೋಣ. ಇವತ್ತು ನನಗೆ ಕೆಲಸ ಇದೆ."

ಅವನು ಕಾಗದವನ್ನು ಎತ್ತಿ ಓದಿದ. ಮುಖದ ಬಣ್ಣ ಇಳಿಯಿತು. ಅವಳು ತಲೆ ಎತ್ತದೇ ಇದ್ದುದನ್ನು ಕಂಡು, ಕಾಗದವನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಶುಕ್ರವಾರದ ಮೀಟಿಂಗ್‌ಗೆ ಅವನು ಬರುವುದಿಲ್ಲ ಎಂದುಕೊಂಡಿದ್ದಳು. ಬಂದ. ಸೊಂಟಕ್ಕೆ ಸುತ್ತುವ ಕಪ್ಪು ಸುಲುವನ್ನು ಇಸ್ತ್ರಿ ಮಾಡಿ ಉಟ್ಟು, ಚರ್ಚಿಗೆ ಹೊರಟವನ ಹಾಗೆ. ಅವಳನ್ನು ನೋಡದೆ ಮಿಸೆಸ್ ಗೌಂಡರ್ ಪಕ್ಕದಲ್ಲಿ ಕೂತ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಡ್ಯಾರೆನ್ ಮುಖ ಮೂಡಿತು. ನಗುಮುಖ, ಹಿಂದೆ ಸ್ವಚ್ಛವಾದ ಬಿಳಿ ಗೋಡೆ.

"ವರದಿ ನೋಡಿದ್ದೀರಲ್ಲ ಮೇಡಂ," ಎಂದ ಡ್ಯಾರೆನ್. "ದಿಬ್ಬ ಟೇಬಲ್ ಬಿಟ್ಟುಬಿಡೋಣ. ಉಳಿದದ್ದು ಇವತ್ತೇ ಮುಗಿಯುತ್ತೆ. ಬುಟ್ಟಿ ಲೆಕ್ಕ ತಾನೆ, ಅದರಿಂದ ಯಾರಿಗೂ ನಷ್ಟ ಇಲ್ಲ."

"ನಷ್ಟ ಯಾರಿಗೆ ಅಂತ ನಾನು ಹೇಳ್ತೀನಿ," ಎಂದು ವಸೆ ಎದ್ದಳು. ಆದರೆ ಅವಳಿಗಿಂತ ಮೊದಲೇ ಕಿತಿಯೋನೆ ಎದ್ದು ನಿಂತಿದ್ದ.

"ಬಾಸ್, ಆ ವರದಿ ನಾನು ಬರೆದದ್ದಲ್ಲ."

ಪರದೆಯ ಮೇಲಿನ ನಗು ಹಾಗೇ ಇತ್ತು. "ಕಿತಿ, ಇದನ್ನ ಆಮೇಲೆ ಮಾತಾಡೋಣ."

"ಈಗಲೇ ಆಗ್ಬೇಕು, ನನ್ನ ಹೆಸರು ಹಾಕಿದ್ದೀರಿ. ನಾನಿಲ್ಲಿಗೆ ಬರೋ ಮೊದಲೇ ಬರೆದು ಇಟ್ಕೊಂಡಿದ್ರಿ ಅಂತ ನಿನ್ನೆ ಫೋನಲ್ಲಿ ನೀವೇ ಹೇಳಿದ್ರಿ." ಅವನು ಮಿಸೆಸ್ ಗೌಂಡರ್ ಕಡೆ ತಿರುಗಿದ. "ಮೇಡಂ, ಇವರ ಡೇಟಾದಲ್ಲಿ ಏನೂ ತಪ್ಪಿಲ್ಲ. ಅದು ನಿಲ್ಲೋ ಕಡೆಯೆಲ್ಲ ಹುಡುಕಿ ನೋಡಿದೀನಿ. ನಾವು ಕೊಟ್ಟಿರೋ ಯಂತ್ರ ಚಿಕ್ಕದು. ದೊಡ್ಡದು ಕೊಟ್ರೆ ಅಳತೆ ತಪ್ಪಿದ್ದು ನಾವೇ ಅಂತ ಒಪ್ಪಿಕೊಂಡ ಹಾಗೆ ಆಗುತ್ತೆ, ಅದಕ್ಕೇ ಕೊಡ್ತಿಲ್ಲ."

ಡ್ಯಾರೆನ್ ನಿಧಾನವಾಗಿ, ನಗುತ್ತಲೇ, ಕಿತಿಯೋನೆಯ ಲಾಗಿನ್ ಆ ಕ್ಷಣದಿಂದ ರದ್ದು ಎಂದೂ ಸೋಮವಾರ ಅವನು ಕಂಪನಿಯ ಕಚೇರಿಗೆ ಬಂದು ಬೀಗದಕೈ ಒಪ್ಪಿಸಬೇಕೆಂದೂ ಹೇಳಿದ. ಪರದೆ ಕಪ್ಪಾಯಿತು.

ಮಿಸೆಸ್ ಗೌಂಡರ್ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು.

"ವಸೆ, ಸರ್ವರ್‌ನ ಒಡೆತನದ ಲಾಗಿನ್ ನಮ್ಮದು. ಒಪ್ಪಂದದಲ್ಲೇ ಇದೆ. ತಗೋ. ಶನಿವಾರ ಕಚೇರಿ ತೆರೆದಿರುತ್ತೆ, ವಾಚ್‌ಮನ್‌ಗೆ ಹೇಳಿರ್ತೀನಿ. ನೀನು ನೆಂಟರನ್ನ ಕರ್ಕೊಂಡು ಬಂದ್ರೆ ನಾನ್ಯಾಕೆ ಕೇಳ್ಲಿ?"

ಕಾರಿಡಾರಿನಲ್ಲಿ ವಸೆ ಅವನನ್ನು ಹಿಡಿದಳು. ಕ್ಷಮೆ ಕೇಳುವ ಮಾತು ಗಂಟಲವರೆಗೆ ಬಂತು, ಆದರೆ ಹೊರಬಿದ್ದದ್ದು ಬೇರೆ.

"ಏ ಹೆಗ್ಗಣ. ನಾಳೆ ಬರ್ತೀಯಾ?"

ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. "ಊಟ ತರ್ತೀಯಾ? ಉಪ್ಪು ಸರಿಯಾಗಿ ಹಾಕಿ?"

ಶನಿವಾರ ಅವಳು ಕೀಲಿಗಳನ್ನು ಒತ್ತುತ್ತಿದ್ದಳು, ಅವನು ಹೇಳುತ್ತಿದ್ದ. ಅವನ ಕೈ ಕೀಬೋರ್ಡ್ ಮುಟ್ಟುವಂತಿರಲಿಲ್ಲ.

ಇಡೀ ಡೇಟಾವನ್ನು ಒಂದೇ ಉಸಿರಿಗೆ ಕಳಿಸುವುದನ್ನು ಬಿಟ್ಟರು. ಊರಿಗೊಂದು, ವರ್ಷಕ್ಕೊಂದು ತುಂಡು ಮಾಡಿದರು. ಒಂದು ತುಂಡು ಒಳಗೆ ಹೋಗಿ ಭದ್ರವಾಗಿ ಉಳಿದ ಮೇಲೆ ಇನ್ನೊಂದು. ಹುಡುಕಲು ಸುಲಭವಾಗಲೆಂದು ಡೇಟಾಬೇಸ್ ಕಟ್ಟಿಕೊಳ್ಳುವ ಸೂಚಿಗಳು ಮೆಮೊರಿ ತಿನ್ನುತ್ತವೆಂದು, ಅವನ್ನೆಲ್ಲ ತೆಗೆದಿಟ್ಟು ಕೊನೆಗೆ ಕಟ್ಟುವುದೆಂದುಕೊಂಡರು. ನಿಧಾನದ ಕೆಲಸ. ಆದರೆ ಏನೂ ಸಾಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಡಿಸ್ಕ್ ತುಂಬಿತೆಂದು ಸರ್ವರ್ ಮತ್ತೆ ಹಟ ಹಿಡಿಯಿತು. ವಸೆ ಕೀಬೋರ್ಡಿನಿಂದ ಕೈ ಹಿಂದೆಗೆದಳು. "ಮುಗೀತು," ಎಂದಳು.

"ಏನು ಮುಗೀತು? ಒಳಗೆ ಬಂದ ಪ್ರತಿಯೊಂದಕ್ಕೂ ಅದು ತನ್ನದೊಂದು ಟಿಪ್ಪಣಿ ಬರೆದು ಗುಡ್ಡೆ ಹಾಕ್ಕೊಂಡಿದೆ. ನಮ್ಮ ಡೇಟಾ ಅಲ್ಲ ಅದು. ಹಳೇ ಟಿಪ್ಪಣಿ ಅಳಿಸು, ಜಾಗ ಆಗುತ್ತೆ. ಆಯಾ ತುಂಡಾದ ಮೇಲೆ ಹೀಗೇ ಗುಡಿಸ್ತಾ ಹೋಗೋಣ. ಎಲ್ಲಿ, ಬರಿ."

ಅವಳು ಬರೆದಳು. ಜಾಗವಾಯಿತು. ಅವಳು ಅವನ ಕಡೆ ತಿರುಗಿದಾಗ ಅವನು ಪರದೆಯನ್ನಲ್ಲ, ಅವಳನ್ನೇ ನೋಡುತ್ತಿದ್ದ. ಈ ಸಲ ಹಲ್ಲಿನ ಮಾತು ಎತ್ತಲಿಲ್ಲ.

ಭಾನುವಾರ ಊರಿಗೆ ಊರೇ ಬಿಳಿ ಬಟ್ಟೆ ತೊಟ್ಟು ಚರ್ಚಿಗೆ ಹೋಗಿದ್ದಾಗ ಅವರು ಎರಡನೇ ಮಹಡಿಯಲ್ಲಿ ಕೂತಿದ್ದರು. ಪ್ರಾರ್ಥನೆ ಮುಗಿದ ಹೊತ್ತಿಗೆ ನಾದಕೌನಿಂದ ತೊರಿಕತ್ತೆಯ ಫೋನು ಬಂತು.

"ನಿಮ್ಮ ಪಾದ್ರಿ ಹೆಂಡತಿ ಹೇಳಿದ್ಲು, ನೀನು ಚರ್ಚಿಗೆ ಹೋಗಿಲ್ವಂತೆ. ಜ್ವರಾನಾ?"

"ಕೆಲಸ ಅತ್ತೆ. ನಿಮ್ಮ ಆಕ್ಟೋಪಸ್‌ಗಳನ್ನ ಒಂದೊಂದಾಗಿ ಒಳಗೆ ಕಳಿಸ್ತಿದೀನಿ."

"ಒಬ್ಬಳೇನಾ?"

"ದೆಲೈವಿಯವನೊಬ್ಬ ಇದ್ದಾನೆ."

"ಬೆಟ್ಟದವನಾ? ಊಟಕ್ಕೆ ಹಾಕ್ಬೇಡ, ಹೋಗೋದೇ ಇಲ್ಲ ಆಮೇಲೆ."

"ಹಾಕಿ ಆಯ್ತು ಅತ್ತೆ."

ಅತ್ತೆ ನಕ್ಕ ಸದ್ದು ಕಿತಿಯೋನೆಗೂ ಕೇಳಿಸಿತು.

ಸಂಜೆ ಬೆಳಕು ಇರುವಾಗಲೇ ಕೊನೆಯ ತುಂಡು ಹೋಯಿತು. ಸೂಚಿಗಳನ್ನು ಕಟ್ಟಿದರು. ಹಳೆಯ ಯಂತ್ರದ ಎಣಿಕೆ, ಹೊಸದರ ಎಣಿಕೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಒಂದು ಸಾಲೂ ಬಿಟ್ಟಿರಲಿಲ್ಲ. ವಸೆ ಮುಖ ಮುಚ್ಚಿಕೊಂಡು ಅತ್ತಳು. ಕಿತಿಯೋನೆ ಅವಳ ಬೆನ್ನಿನ ಮೇಲೆ ಕೈ ಇಡಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಇಟ್ಟ.

ಸೋಮವಾರದ ವಿಚಾರಣೆಗೆ ನಾದಕೌನ ಹೆಂಗಸರು ಲಾರಿಯ ಹಿಂಬದಿಯಲ್ಲಿ ಕೂತು ಬಂದರು, ತೊರಿಕತ್ತೆ ಮುಂದೆ. ಮರಳು ಕಂಪನಿಯ ವಕೀಲ ಮೃದುವಾಗಿ ಕೇಳಿದ, ಹೆಂಗಸರು ಬುಟ್ಟಿಯಲ್ಲಿ ಆಯ್ದುಕೊಂಡು ಬರುವುದನ್ನು ಮೀನುಗಾರಿಕೆ ಎನ್ನಬಹುದೇ ಎಂದು.

"ಏನಂತ ಬೇಕಾದ್ರೂ ಕರೀರಿ," ಎಂದಳು ವಸೆ. "ದೋಣಿ ಕಡಲಿಗೆ ಇಳಿಯಲಾರದ ದಿನಗಳಲ್ಲಿ ಊರಿನ ಒಲೆ ಉರಿದದ್ದು ಇದರಿಂದ. ಪ್ರತಿಯೊಂದು ಬುಟ್ಟಿಯೂ ರಿಜಿಸ್ಟರ್‌ನಲ್ಲಿದೆ, ಫೋಟೊ ಸಮೇತ. ಇಲ್ಲ ಅನ್ನೋರು ತೆರೆದು ನೋಡಿ."

"ಇವುಗಳಲ್ಲಿ ದೋಷ ಇದೆ ಅಂತ ಒಂದು ವರದಿ ಇತ್ತಂತಲ್ಲ?"

"ಇತ್ತು. ಅದರ ಕೆಳಗೆ ಹೆಸರಿರೋ ಮನುಷ್ಯ ಹಿಂದೆ ನಿಂತಿದ್ದಾನೆ. ಕೇಳಿ."

ಎಲ್ಲರೂ ತಿರುಗಿದರು. ಕೆಲಸ ಕಳೆದುಕೊಂಡ ಕಿತಿಯೋನೆ, ಅದೇ ಕಪ್ಪು ಸುಲು ಉಟ್ಟು, ಬಾಗಿಲ ಬಳಿ ನಿಂತಿದ್ದ. "ದೋಷ ಇಲ್ಲ," ಎಂದ. "ಆ ವರದಿ ನನ್ನದಲ್ಲ."

ವಿಚಾರಣೆ ನಡೆಸುವ ಸಮಿತಿಯವರು ಮಧ್ಯಾಹ್ನದವರೆಗೂ ಪರದೆಯ ಮೇಲೆ ಬುಟ್ಟಿಗಳನ್ನು ನೋಡಿದರು. ನಾದಕೌನ ದಿಬ್ಬವನ್ನೂ ಅದರ ಸುತ್ತಲಿನ ನೀರನ್ನೂ ಅರ್ಜಿಯಿಂದ ಹೊರಗಿಟ್ಟರು. ಮೇಲ್ಮನವಿ ಹಾಕುವುದಾಗಿ ವಕೀಲ ಹೇಳಿದ. "ಹಾಕಲಿ, ನಾವು ಎಲ್ಲಿಗೂ ಹೋಗೋರಲ್ಲ," ಎಂದಳು ತೊರಿಕತ್ತೆ, ಸಮಿತಿಗೇ ಕೇಳಿಸುವ ಹಾಗೆ.

ಹೊರಗೆ ಬಂದಿದ್ದೇ ಹೆಂಗಸರು ಕಿತಿಯೋನೆಯನ್ನು ಸುತ್ತುವರಿದರು. ಸಂತೋಷಕ್ಕೆ ಎರಚಲೆಂದು ತಂದ ಪೌಡರ್ ಡಬ್ಬಿಗಳೆಲ್ಲ ಅವನ ತಲೆಯ ಮೇಲೆಯೇ ಬರಿದಾದವು. "ಕೆಸರು ತೊಳೆದ ಮೇಲೆ ಪರವಾಗಿಲ್ಲ ಇವನು," ಎಂದು ಒಬ್ಬಳು. "ಕಿವಿ ಮಾತ್ರ ದೊಡ್ಡದು," ಎಂದು ಇನ್ನೊಬ್ಬಳು.

ಬಿಡಿಸಿಕೊಂಡು ಇಬ್ಬರೂ ಕಡಲಗೋಡೆಯ ಕಡೆ ನಡೆದರು. ನೀರಿಳಿದಿತ್ತು. ಕೆಸರಿನಲ್ಲಿ ಏಡಿಗಳು ಓಡಾಡುತ್ತಿದ್ದವು.

"ಬೆಳಗ್ಗೆ ಬೀಗದಕೈ ಕೊಡೋಕೆ ಹೋಗಿದ್ದಾಗ ಡ್ಯಾರೆನ್ ಫೋನಲ್ಲಿ ಸಿಕ್ಕಿದ್ದ," ಎಂದ ಕಿತಿಯೋನೆ. "ವರದಿ ನನ್ನದೇ ಅಂತ ಸಹಿ ಹಾಕಿದ್ರೆ ಬ್ರಿಸ್ಬೇನ್‌ನಲ್ಲಿ ಕೆಲಸ ಕೊಡ್ತಾನಂತೆ. ಆಗಲ್ಲ ಅಂದೆ."

"ನನಗೋಸ್ಕರ ಕೆಲಸ ಬಿಟ್ಟೆ ಅಂತ ಊರೆಲ್ಲ ಸಾರಿಕೊಂಡು ತಿರುಗಬೇಡ. ನಾನು ಕೇಳಿರಲಿಲ್ಲ."

"ನಿನಗೋಸ್ಕರ ಅಲ್ಲ. ಸುಳ್ಳಿನ ಕೆಳಗೆ ನನ್ನ ಹೆಸರಿತ್ತು, ಅದಕ್ಕೆ." ಅವನು ದಾರಿಯ ಕಲ್ಲೊಂದನ್ನು ಕೆಸರಿಗೆ ಒದ್ದ. "ನಿನಗೋಸ್ಕರ ಮಾಡಿದ್ದು ಬೇರೆ."

"ಏನು?"

"ಆ ಕೆಲಸವನ್ನ ನಾನು ನಮ್ಮ ಕಚೇರಿಯಲ್ಲೇ ಕೂತು ಮಾಡಬಹುದಿತ್ತು. ಮೊದಲ ದಿನ ಒಂದು ಬಿಟ್ಟರೆ ಇಲ್ಲಿಗೆ ಬರೋ ಅಗತ್ಯವೇ ಇರಲಿಲ್ಲ. ದಿನಾ ಎರಡು ಬಸ್ ಬದಲಾಯಿಸಿ ಬಂದೆ."

ವಸೆ ನಿಂತಳು.

"ಇದೂ ತಮಾಷೆನಾ?"

"ನಿಂಗೇನನ್ಸುತ್ತೆ?"

"ನಂಗೆ ಗೊತ್ತಾಗಲ್ಲ. ನಿನ್ನ ಬಾಯಿಂದ ಬಂದದ್ದು ಯಾವುದು ನಿಜ, ಯಾವುದು ತೌವು ಮಾತು ಅಂತ ವಾರದಿಂದ ತಲೆ ಕೆಟ್ಟು ಹೋಗಿದೆ ನಂಗೆ."

"ಹಾಗಾದ್ರೆ ನಗದೆ ಹೇಳ್ತೀನಿ, ಕೇಳು." ಅವನು ಅವಳೆದುರು ನೆಟ್ಟಗೆ ನಿಂತ. ರೆಪ್ಪೆಯ ಮೇಲೆ ಪೌಡರ್, ಮೀಸೆಯ ಮೇಲೆ ಪೌಡರ್, ಕಿವಿಯೊಳಗೂ ಪೌಡರ್. "ವಸೆಮಾದಾ, ನೀನು ಅಂದ್ರೆ ನಂಗೆ ತುಂಬಾ ಇಷ್ಟ."

ಅವಳಿಗೆ ನಗು ತಡೆಯಲಾಗಲಿಲ್ಲ. ಕಡಲಗೋಡೆ ಹಿಡಿದುಕೊಂಡು ನಕ್ಕಳು. ಅವನು ಕದಲಲಿಲ್ಲ, ಮುಖ ತಿರುಗಿಸಲಿಲ್ಲ, ಹಾಗೇ ನಿಂತಿದ್ದ. ನಗು ತಾನಾಗಿ ಇಳಿದಾಗ ಅವಳು ಅವನ ರೆಪ್ಪೆಯ ಮೇಲಿನ ಬಿಳಿಯನ್ನು ಬೆರಳಿಂದ ಒರೆಸಿದಳು.

"ನಿಮ್ಮ ಬೆಟ್ಟಕ್ಕೆ ಬಸ್ ಯಾವಾಗ?"

"ಯಾಕೆ?"

"ನಿಮ್ಮಮ್ಮನ್ನ ನೋಡ್ಬೇಕು."

ತೊರಿಕತ್ತೆಗೆ ಇದು ಹಿಡಿಸಲಿಲ್ಲ. ಗಂಡಿನ ಕಡೆಯವರು ಕಾಣಿಕೆಗೆ ತಿಮಿಂಗಿಲದ ಹಲ್ಲು ತಂದು, ಚಾಪೆಯ ಮೇಲೆ ಕೂತು, ತಲೆ ತಗ್ಗಿಸಿ ಹೆಣ್ಣು ಕೇಳಬೇಕು. ಅಲ್ಲಿಯವರೆಗೂ ಹೆಣ್ಣು ಮನೆಯಲ್ಲಿರಬೇಕು.

"ಹೆಣ್ಣು ಹೋಗಿ ಕೇಳಿದ್ದು ನಮ್ಮಲ್ಲಿ ಇಲ್ಲ ಕಣೇ."

"ಇನ್ಮೇಲೆ ಇದೆ ಅತ್ತೆ."

"ನಾಳೆ ಅವರೂರಿನವರು ನಮ್ಮನ್ನ ಏನಂತ ಹಂಗಿಸ್ತಾರೆ, ಗೊತ್ತಾ? ಸಾಯೋವರೆಗೂ ಬಿಡಲ್ಲ."

"ಹಂಗಿಸಲಿ. ಸುಮ್ನಿದ್ರೂ ಹಂಗಿಸ್ತಾರೆ."

ಅತ್ತೆ ಗೊಣಗುತ್ತ ಒಳಗೆ ಹೋದಳು. ಹಿಂದಿರುಗಿದಾಗ ಕೈಯಲ್ಲಿ ಒಣಗಿಸಿದ ಆಕ್ಟೋಪಸ್‌ಗಳ ದೊಡ್ಡ ಕಟ್ಟಿತ್ತು. "ಬರಿಗೈಲಿ ಹೋಗ್ಬೇಡ," ಎಂದಳು.

ಆ ಶನಿವಾರ ಬಸ್‌ಸ್ಟಾಪಿನಿಂದ ಮೇಲಕ್ಕೆ ಹತ್ತುವಷ್ಟರಲ್ಲಿ ದೆಲೈವಿಯ ಮಕ್ಕಳೆಲ್ಲ ಹಿಂದೆ ಬಿದ್ದಿದ್ದರು. ಕಿತಿಯೋನೆಯ ತಾಯಿ ಸೆನಿಮಿಲಿ ಮನೆಯ ಮುಂದೆ ಕೂತು ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಳು. ಮಗನನ್ನು ನೋಡಿದಳು, ಪಕ್ಕದಲ್ಲಿ ಉಪ್ಪುವಾಸನೆಯ ಕಟ್ಟು ಹಿಡಿದು ನಿಂತ ಹುಡುಗಿಯನ್ನು ನೋಡಿದಳು. ಚಾಕು ನಿಂತಿತು.

"ಯಾವೂರು?"

"ನಾದಕೌ."

"ಓ, ತೌವು. ವಾಸನೆಗೇ ಗೊತ್ತಾಯ್ತು. ಏನು ಎತ್ಕೊಂಡು ಹೋಗೋಕೆ ಬಂದೆ? ಹೋದ ವರ್ಷ ನಿಮ್ಮೂರಿನವರು ಬಂದು ನನ್ನ ಹೊಸ ಚಾಪೆ ಎತ್ಕೊಂಡು ಹೋದ್ರು. ಅದಕ್ಕೆ ಮುಂಚೆ ಹಂದಿಮರಿ. ನೋಡು, ಏನಾದ್ರೂ ಉಳಿದಿದ್ರೆ ತಗೋ."

ಮಕ್ಕಳು ನಕ್ಕರು. ಕಿತಿಯೋನೆ ಏನೋ ಹೇಳಲು ಹೊರಟ. ವಸೆ ಅವನ ತೋಳಿನ ಮೇಲೆ ಕೈಯಿಟ್ಟು ತಡೆದಳು. ಕಟ್ಟನ್ನು ನೆಲದ ಮೇಲಿಟ್ಟು, ಸುಲು ಸರಿಮಾಡಿಕೊಂಡು, ಗಂಡಿನ ಕಡೆಯ ಹಿರಿಯರು ಕೂರುವ ಹಾಗೆ ಕಾಲು ಮಡಿಸಿ ಕೂತಳು. ಆದರೆ ತಲೆ ತಗ್ಗಿಸಲಿಲ್ಲ.

"ಎತ್ಕೊಂಡು ಹೋಗೋಕೆ ಬಂದಿಲ್ಲಮ್ಮ," ಎಂದಳು. "ಕೇಳೋಕೆ ಬಂದಿದೀನಿ."

ಮಕ್ಕಳ ನಗು ನಿಂತಿತು. ಸೆನಿಮಿಲಿ ಅವಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಗನನ್ನು ನೋಡಿದಳು; ಅವನು ಕಿವಿಯವರೆಗೂ ಕೆಂಪಾಗಿದ್ದ. ಮುಗುಳ್ನಗು ಅಡಗಿಸಿಕೊಂಡು ಇನ್ನೊಂದು ಚಾಕುವನ್ನು ಹುಡುಗಿಯ ಕಡೆ ಚಾಚಿದಳು.

"ಹಾಗಾದ್ರೆ ಹತ್ತಿರ ಬಾ," ಎಂದಳು. "ಇದನ್ನ ಹೆರೀತಾ ಕೇಳು. ನನಗೆ ಕಿವಿ ಸ್ವಲ್ಪ ಮಂದ, ಮೂರ್ನಾಲ್ಕು ಸಲ ಕೇಳ್ಬೇಕಾಗುತ್ತೆ."

"ಎಷ್ಟು ಸಲ ಬೇಕಾದ್ರೂ ಕೇಳ್ತೀನಿ," ಎಂದು ವಸೆ ಚಾಕು ತೆಗೆದುಕೊಂಡಳು.